ಹೆಸರು ಒಂದೇ, ಚೆಕ್ಕುಬಂದಿ ಬೇರೆ: ಕರ್ನಲ್ಲಿನ ಗಡಿಗುರುತುಗಳ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಚೇರಿಯಲ್ಲಿ ಕೂತು, ಮೂರು ದಿನ, ಇಲ್ಲದ ದೋಷವೊಂದನ್ನು ಹುಡುಕಿದೆ. ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕುಸಿದಾಗ ಸಿಗುವ ಮೆಮೊರಿ ಡಂಪನ್ನು, ಅಂದರೆ ಆ ಕ್ಷಣದ ಮೆಮೊರಿಯ ಪ್ರತಿಯನ್ನು ಓದಿ, ಫಂಕ್ಷನ್‌ಗಳು ಒಂದನ್ನೊಂದು ಕರೆದ ಗುರುತು ಉಳಿಯುವ ಸ್ಟ್ಯಾಕಿನಲ್ಲಿರುವ ಒಂದೊಂದು ಸಂಖ್ಯೆಯೂ ಕೋಡಿನ ವಿಳಾಸ ಹೌದೋ ಅಲ್ಲವೋ ಎಂದು ವಿಂಗಡಿಸುವ ಸಣ್ಣ ಸ್ಕ್ರಿಪ್ಟ್ ನಮ್ಮ ತಂಡದಲ್ಲಿತ್ತು. ಕರ್ನಲ್ಲಿನ ಕೋಡು ಎಷ್ಟು ಉದ್ದಕ್ಕೆ ಹಬ್ಬಿದೆ ಎಂಬುದನ್ನು ಅದು ಪ್ರಾಕ್ ಡೈರೆಕ್ಟರಿಯ ‘ಐಒಮೆಮ್’ ಫೈಲಿನಲ್ಲಿ ಬರುವ ‘ಕರ್ನಲ್ ಕೋಡ್’ ಎಂಬ ಸಾಲಿನಿಂದ ತಿಳಿದುಕೊಳ್ಳುತ್ತಿತ್ತು. ಎಕ್ಸ್86 ಬಗೆಯ ಪ್ರೊಸೆಸರಿನ ಸರ್ವರುಗಳ ಮೇಲೆ ಅದು ಎಂದೂ ಎಡವಿರಲಿಲ್ಲ. ಆರ್ಮ್64 ಎಂಬ ಇನ್ನೊಂದು ಬಗೆಯ ಪ್ರೊಸೆಸರಿನ ಹೊಸ ಬೋರ್ಡಿನ ಡಂಪನ್ನು ಕೊಟ್ಟ ದಿನ ಮಾತ್ರ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ತುಂಬ ಅಸಂಬದ್ಧ ಹೆಸರುಗಳು ಬಂದವು. ಒಂದನ್ನೊಂದು ಕರೆಯಲು ಸಾಧ್ಯವೇ ಇಲ್ಲದ ಜಾಗಗಳು ಒಂದರ ಕೆಳಗೊಂದು ನಿಂತಿದ್ದವು. ಸ್ಟ್ಯಾಕ್ ಕೆಟ್ಟಿದೆ ಎಂದುಕೊಂಡೆ. ಕೊನೆಗೆ ಮೆಮೊರಿ ಚಿಪ್ಪನ್ನೇ ಅನುಮಾನಿಸಿದೆ.

ಯಾವುದೂ ಕೆಟ್ಟಿರಲಿಲ್ಲ. ಎಕ್ಸ್86ನಲ್ಲಿ ‘ಕರ್ನಲ್ ಕೋಡ್’ ಸಾಲು ಕೋಡು ಮುಗಿಯುವಲ್ಲಿಗೇ ಮುಗಿಯುತ್ತದೆ. ಆರ್ಮ್64ನಲ್ಲಿ ಅದೇ ಹೆಸರಿನ ಸಾಲು ಕೋಡನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಸ್ಟ್ರಿಂಗುಗಳು, ಬದಲಾಗದ ಕೋಷ್ಟಕಗಳು ಇರುವ ಓದಲು-ಮಾತ್ರ ಡೇಟಾವನ್ನೂ ಒಳಗೆ ಹಾಕಿಕೊಂಡು, ಬೂಟ್ ಮುಗಿದ ಮೇಲೆ ಬಿಟ್ಟುಕೊಡುವ ‘ಇನಿಟ್’ ಭಾಗದ ಬಾಗಿಲಲ್ಲಿ ನಿಲ್ಲುತ್ತದೆ. ಸ್ಟ್ಯಾಕಿನಲ್ಲಿ ಯಾವುದೋ ಸಂದೇಶದ ಸ್ಟ್ರಿಂಗಿನ ವಿಳಾಸವಿದ್ದರೆ ನಮ್ಮ ಸ್ಕ್ರಿಪ್ಟ್ ಅದನ್ನೂ ಫಂಕ್ಷನ್ ಎಂದು ಎಣಿಸುತ್ತಿತ್ತು. ಊಹೆ ನಮ್ಮದು, ತಪ್ಪೂ ನಮ್ಮದೇ. ಆದರೆ ಆ ಊಹೆಗೆ ಅವಕಾಶ ಕೊಟ್ಟದ್ದು ಒಂದೇ ಹೆಸರಿಗೆ ಎರಡು ಅರ್ಥಗಳಿದ್ದ ಸಂಗತಿ. ಆ ಸಾಲುಗಳ ತುದಿ ಹೇಳುವ ಗುರುತುಗಳು ಹುಟ್ಟುವ ಜಾಗ ಲಿಂಕರ್ ಸ್ಕ್ರಿಪ್ಟ್.

ಕರ್ನಲ್ಲಿನ ಸಾವಿರಾರು ಸಿ ಫೈಲುಗಳನ್ನು ಕಂಪೈಲರ್ ಒಂದೊಂದಾಗಿ ಆಬ್ಜೆಕ್ಟ್ ಫೈಲಾಗಿ ಮಾಡುತ್ತದೆ. ಪ್ರತಿಯೊಂದರಲ್ಲೂ ಕೋಡು ‘ಟೆಕ್ಸ್ಟ್’ ಎಂಬ ಸೆಕ್ಷನ್ನಿಗೆ, ಓದಲು-ಮಾತ್ರ ಮೌಲ್ಯಗಳು ‘ಆರ್‌ಒಡೇಟಾ’ಗೆ, ಬದಲಾಗುವ ಮೌಲ್ಯಗಳು ‘ಡೇಟಾ’ಗೆ, ಸೊನ್ನೆಯಿಂದ ಶುರುವಾಗುವವು ‘ಬಿಎಸ್‌ಎಸ್’ಗೆ ಹೋಗುತ್ತವೆ. ಇವನ್ನೆಲ್ಲ ಕೂಡಿಸಿ ‘ವಿಎಮ್‌ಲಿನಕ್ಸ್’ ಎಂಬ ಒಂದೇ ಫೈಲಾಗಿ ಕಟ್ಟುವುದು ಲಿಂಕರಿನ ಕೆಲಸ. ಯಾವ ಸೆಕ್ಷನ್ ಯಾವ ವಿಳಾಸದಲ್ಲಿ, ಯಾವುದರ ನಂತರ, ಎಷ್ಟು ಅಂತರ ಬಿಟ್ಟು ಕೂರಬೇಕು ಎಂದು ಹೇಳುವ ನಕ್ಷೆಯೇ ಲಿಂಕರ್ ಸ್ಕ್ರಿಪ್ಟ್. ಲಿನಕ್ಸಿನಲ್ಲಿ ಪ್ರತಿ ಆರ್ಕಿಟೆಕ್ಚರಿಗೂ, ಅಂದರೆ ಎಕ್ಸ್86, ಆರ್ಮ್64ನಂಥ ಪ್ರತಿ ಪ್ರೊಸೆಸರ್ ಬಗೆಗೂ, ಅದರದೇ ನಕ್ಷೆ ಇದೆ. 2024ರ ಜನವರಿಯಲ್ಲಿ ಹೊರಬಂದ 6.7ನೇ ಆವೃತ್ತಿಯಲ್ಲಿ ಐಎ64 ಹೋಯಿತು, ಅದಕ್ಕೂ ಮೊದಲು 2022ರಲ್ಲಿ ಲೂಂಗ್‌ಆರ್ಚ್ ಬಂದಿತ್ತು. ಹೀಗೆ ಹೋಗಿ ಬಂದು ಇಪ್ಪತ್ತೊಂದು ಆರ್ಕಿಟೆಕ್ಚರುಗಳ ಮನೆ ಅದು.

ನಕ್ಷೆ ಬರೆಯುವಾಗ ಅಲ್ಲಲ್ಲಿ ಗುರುತು ನೆಡುತ್ತಾರೆ. ಲಿಂಕರ್ ಸ್ಕ್ರಿಪ್ಟಿನಲ್ಲಿ ಒಂದು ಚುಕ್ಕಿ ಎಂದರೆ ‘ಈಗ ನಿಂತಿರುವ ವಿಳಾಸ’. ಕೋಡೆಲ್ಲ ಕೂತಾದ ಮೇಲೆ ‘ಇಟೆಕ್ಸ್ಟ್’ ಎಂಬ ಹೆಸರಿಗೆ ಚುಕ್ಕಿಯ ಬೆಲೆ ಕೊಟ್ಟರೆ ಕೋಡಿನ ಕೊನೆಗೆ ಕಲ್ಲು ನೆಟ್ಟಂತೆ. (ಈ ಹೆಸರುಗಳ ಶುರುವಿನಲ್ಲಿ ಬರುವ ಅಂಡರ್‌ಸ್ಕೋರುಗಳನ್ನು ಓದುವ ಅನುಕೂಲಕ್ಕಾಗಿ ಬಿಟ್ಟಿದ್ದೇನೆ.) ನಮ್ಮ ಕಡೆ ಜಮೀನು ಅಳೆದು ಬಾಂದುಕಲ್ಲು ನೆಡುವುದನ್ನು ನೋಡಿದವರಿಗೆ ಇದು ತಕ್ಷಣ ತಿಳಿಯುತ್ತದೆ. ಕಲ್ಲಿನಲ್ಲಿ ಬೆಳೆ ಬೆಳೆಯುವುದಿಲ್ಲ, ಅದು ಹೊಲವೂ ಅಲ್ಲ. ಹೊಲ ಎಲ್ಲಿಯವರೆಗೆ ಎಂದು ಹೇಳುವುದಷ್ಟೇ ಅದರ ಕೆಲಸ. ಈ ಗುರುತು, ಅಂದರೆ ಲಿಂಕರ್ ಸಿಂಬಲ್, ಕೂಡ ಹಾಗೆಯೇ. ಅದಕ್ಕೆ ವಿಳಾಸವಿದೆ, ಒಳಗೆ ಏನೂ ಇಲ್ಲ. ಅದಕ್ಕಾಗಿಯೇ ಕರ್ನಲ್ಲಿನ ಸಾಮಾನ್ಯ ಹೆಡರಿನಲ್ಲಿ (ಎಲ್ಲ ಆರ್ಕಿಟೆಕ್ಚರುಗಳೂ ಹಂಚಿಕೊಳ್ಳುವ ಘೋಷಣೆಗಳ ಫೈಲು) ಇವನ್ನು ಗಾತ್ರ ಹೇಳದ ‘ಚಾರ್’ ಅರೇಗಳಾಗಿ ಘೋಷಿಸಿದ್ದಾರೆ. ಯಾರಾದರೂ ಇವನ್ನು ‘ಇಂಟ್’ ಎಂದು ಘೋಷಿಸಿ ಬೆಲೆ ಓದಲು ಹೋದರೆ, ಕಲ್ಲಿನ ಪಕ್ಕದ ಹೊಲದಲ್ಲಿರುವ ಯಾವುದೋ ನಾಲ್ಕು ಬೈಟು ಕೈಗೆ ಬರುತ್ತದೆ. ಕಂಪೈಲರ್ ಎಚ್ಚರಿಸುವುದೂ ಇಲ್ಲ.

ಈ ಪದ್ಧತಿ ಲಿನಕ್ಸಿಗಿಂತ ಹಳೆಯದು. ‘ಇಟೆಕ್ಸ್ಟ್’, ‘ಇಡೇಟಾ’, ‘ಎಂಡ್’ ಎಂಬ ಮೂರು ಗುರುತುಗಳು ಯುನಿಕ್ಸ್ ಕಾಲದಿಂದ ಬಂದವು. ಅವುಗಳ ಕೈಪಿಡಿ ಪುಟವೇ ಇವು ಬಹುಕಾಲದಿಂದ ಇದ್ದರೂ ಯಾವ ಮಾನದಂಡದಲ್ಲೂ ಸೇರಿಲ್ಲ ಎಂದು ಹೇಳುತ್ತದೆ. ಮೊದಲಿಗೆ ಲಿನಕ್ಸ್ ಒಂದೇ 386 ಚಿಪ್ಪಿನ ಮೇಲೆ ಓಡುತ್ತಿದ್ದಾಗ ಇದೇನೂ ತೊಡಕಾಗಿರಲಿಲ್ಲ. ಒಬ್ಬನೇ ಒಡೆಯನ ಜಮೀನಿನಲ್ಲಿ ಕಲ್ಲಿಗೆ ಏನು ಹೆಸರಿಟ್ಟರೂ ನಡೆಯುತ್ತದೆ. 1995ರ 1.2ರ ಹೊತ್ತಿಗೆ ಆಲ್ಫಾ, ಸ್ಪಾರ್ಕ್, ಮಿಪ್ಸ್ ಬಂದವು. ಪ್ರತಿಯೊಬ್ಬರೂ ಹತ್ತಿರದ ಇನ್ನೊಂದು ಸ್ಕ್ರಿಪ್ಟನ್ನು ನಕಲು ಮಾಡಿ ತಮಗೆ ಬೇಕಾದಂತೆ ತಿದ್ದಿಕೊಂಡರು.

ಹೆಸರುಗಳ ಮೇಲೊಮ್ಮೆ ಕಣ್ಣಾಡಿಸಿದರೂ ಸಾಕು, ಈ ಚರಿತ್ರೆ ಕಾಣುತ್ತದೆ. ಡೇಟಾದ ಎರಡು ತುದಿಗಳಿಗೆ ‘ಎಸ್‌ಡೇಟಾ’, ‘ಇಡೇಟಾ’. ಆರ್‌ಒಡೇಟಾಗೆ ‘ಸ್ಟಾರ್ಟ್ ಆರ್‌ಒಡೇಟಾ’, ‘ಎಂಡ್ ಆರ್‌ಒಡೇಟಾ’. ಇನಿಟ್ ಭಾಗಕ್ಕೆ ‘ಇನಿಟ್ ಬಿಗಿನ್’, ‘ಇನಿಟ್ ಎಂಡ್’. ಬಿಎಸ್‌ಎಸ್‌ಗೆ ಬಂದರೆ ‘ಬಿಎಸ್‌ಎಸ್ ಸ್ಟಾರ್ಟ್’, ‘ಬಿಎಸ್‌ಎಸ್ ಸ್ಟಾಪ್’. ಶುರುವಿಗೆ ಮೂರು ಪದ, ಕೊನೆಗೆ ಮೂರು ಪದ. ಪದ ಹೆಸರಿನ ಮುಂದೆ ಬರಬೇಕೋ ಹಿಂದೆ ಬರಬೇಕೋ ಎಂಬುದಕ್ಕೂ ನಿಯಮವಿಲ್ಲ. ಇದು ಕಿರಿಕಿರಿ, ಒಪ್ಪುತ್ತೇನೆ. ಹೊಸಬರು ಪ್ರತಿ ಬಾರಿ ಹೆಡರ್ ತೆರೆದು ನೋಡಬೇಕಾಗುತ್ತದೆ. ಆದರೂ ಇದು ಅಸಲಿ ಸಮಸ್ಯೆಯಲ್ಲ. ಹೆಸರು ತಪ್ಪಾಗಿ ಬರೆದರೆ ಲಿಂಕರ್ ಅಲ್ಲಿಯೇ ನಿಲ್ಲಿಸಿ ಹೇಳುತ್ತದೆ. ಹೆಸರು ಸರಿಯಿದ್ದು ಅರ್ಥ ಬೇರೆಯಿದ್ದರೆ ಯಾರೂ ಹೇಳುವುದಿಲ್ಲ. ಮಲ್ಲೇಶ್ವರದಲ್ಲೂ 8ನೇ ಕ್ರಾಸ್ ಇದೆ, ಇನ್ನೊಂದು ಬಡಾವಣೆಯಲ್ಲೂ ಇದೆ. ಬಡಾವಣೆ ಯಾವುದೆಂದು ಹೇಳದೆ ಬರೀ ‘8ನೇ ಕ್ರಾಸ್’ ಎಂದು ಹತ್ತಿಸಿಕೊಂಡ ಆಟೋ ಹೋಗಿ ನಿಲ್ಲುವುದು ಎಲ್ಲೋ ಒಂದು 8ನೇ ಕ್ರಾಸಿನಲ್ಲೇ. ತಪ್ಪು ಗೊತ್ತಾಗುವುದು ಇಳಿದ ಮೇಲೆ.

ಅರ್ಥ ಎಷ್ಟು ಸಡಿಲವಾಗಿದೆ ಎಂಬುದು ಆ ಸಾಮಾನ್ಯ ಹೆಡರಿನ ಟಿಪ್ಪಣಿಯಲ್ಲೇ ಇದೆ. ‘ಎಸ್‌ಟೆಕ್ಸ್ಟ್’ನಿಂದ ‘ಇಟೆಕ್ಸ್ಟ್’ವರೆಗೆ ಕೋಡಿರುತ್ತದೆ, ಆದರೆ ಆರ್‌ಒಡೇಟಾ, ಇನಿಟ್ ಕೂಡ ಇರಬಹುದು. ‘ಎಸ್‌ಡೇಟಾ’ದಿಂದ ‘ಇಡೇಟಾ’ವರೆಗೆ ಡೇಟಾ ಇರುತ್ತದೆ, ಅಲ್ಲಿಯೂ ಅವೆರಡು ಇರಬಹುದು. ಇನಿಟ್ ಗಡಿಯೊಳಗೆ ಇನಿಟ್ ಭಾಗಗಳಿರುತ್ತವೆ, ಆದರೆ ಕೆಲವು ಆರ್ಕಿಟೆಕ್ಚರುಗಳಲ್ಲಿ ಇನಿಟ್ ಕೋಡು ಗಡಿಯ ಹೊರಗೂ ಇರಬಹುದು. ‘ಟೆಕ್ಸ್ಟ್’ ಮತ್ತು ‘ಡೇಟಾ’ ಎಂಬ ಸಿಂಬಲ್‌ಗಳು ಆರ್ಕಿಟೆಕ್ಚರಿಗೆ ಬಿಟ್ಟದ್ದು, ಸಾಮಾನ್ಯ ಕೋಡಿನಲ್ಲಿ ಬಳಸಬೇಡಿ. ಈ ಟಿಪ್ಪಣಿ ಬರೆದವರ ಬಗ್ಗೆ ನನಗೆ ಗೌರವವಿದೆ. ಇರುವುದನ್ನು ಇರುವಂತೆ ಬರೆದಿದ್ದಾರೆ. ಆದರೆ ಕ್ರಯಪತ್ರದ ಚೆಕ್ಕುಬಂದಿಯಲ್ಲಿ ‘ಪೂರ್ವಕ್ಕೆ ರಸ್ತೆ, ಅಥವಾ ರಸ್ತೆಯೂ ಪಕ್ಕದವರ ತೋಟವೂ ಇರಬಹುದು’ ಎಂದು ಬರೆದಿದ್ದರೆ ಯಾರು ಕೊಳ್ಳುತ್ತಾರೆ?

ಇಂಥ ಚೆಕ್ಕುಬಂದಿ ನಂಬಿ ಕೆಲಸ ಮಾಡಬೇಕಾದ ಕೋಡು ಹೇಗಿರುತ್ತದೆ ನೋಡಿ. ಬೂಟ್ ಸಮಯದಲ್ಲಿ ಕರ್ನಲ್ ಒಂದು ಸಾಲು ಮುದ್ರಿಸುತ್ತದೆ: ಇಷ್ಟು ಕಿಲೋಬೈಟು ಕೋಡು, ಇಷ್ಟು ಡೇಟಾ, ಇಷ್ಟು ಆರ್‌ಒಡೇಟಾ, ಇಷ್ಟು ಇನಿಟ್, ಇಷ್ಟು ಬಿಎಸ್‌ಎಸ್. ಕೊನೆಯ ಗುರುತಿನಿಂದ ಮೊದಲ ಗುರುತನ್ನು ಕಳೆದರೆ ಆಗುವ ಲೆಕ್ಕ. ಆದರೆ ಬರೀ ಹಾಗೆ ಕಳೆದರೆ ಸಾಲದು, ಒಂದರೊಳಗೆ ಇನ್ನೊಂದು ಕೂತಿರಬಹುದಲ್ಲ. ಅದಕ್ಕಾಗಿ ಅಲ್ಲೊಂದು ಮ್ಯಾಕ್ರೋ (ಹೆಸರಿಟ್ಟ ಸಿದ್ಧ ಕೋಡಿನ ತುಣುಕು) ಇದೆ. ಈ ಭಾಗದ ಶುರು ಆ ಭಾಗದ ಗಡಿಯೊಳಗೆ ಬಿದ್ದಿದ್ದರೆ, ಅದರ ಗಾತ್ರದಿಂದ ಇದರ ಗಾತ್ರವನ್ನು ಕಳೆ ಎನ್ನುತ್ತದೆ. ಅದನ್ನು ಐದು ಬಾರಿ, ಐದು ಜೋಡಿಗಳಿಗೆ ಕರೆಯಬೇಕಾಗಿದೆ. ಇನಿಟ್ ಕೋಡು ಇನಿಟ್ ಗಡಿಯೊಳಗಿದೆಯೇ? ಕೋಡಿನ ಗಡಿಯೊಳಗಿದೆಯೇ? ಆರ್‌ಒಡೇಟಾ ಕೋಡಿನೊಳಗಿದೆಯೇ, ಡೇಟಾದೊಳಗಿದೆಯೇ? ಒಂದು ಮಾಹಿತಿ ಸಾಲು ಮುದ್ರಿಸಲು ಇಷ್ಟು ಅನುಮಾನ ಪಡಬೇಕು.

ಮೆಮೊರಿ ಸೋರಿಕೆ ಹುಡುಕುವ ಕೆಮೆಮ್‌ಲೀಕ್ ಕೂಡ ಹಾಗೆಯೇ ಅನುಮಾನಿಸುತ್ತದೆ. ಪಾಯಿಂಟರುಗಳು, ಅಂದರೆ ಬೇರೆ ಜಾಗದ ವಿಳಾಸ ಹಿಡಿದ ಮೌಲ್ಯಗಳು, ಸಿಗಬಹುದಾದ ಡೇಟಾ, ಬಿಎಸ್‌ಎಸ್ ಎರಡನ್ನೂ ಅದು ಜಾಲಾಡುತ್ತದೆ. ‘ಇನಿಟ್ ಆದ ಮೇಲೆ ಓದಲು-ಮಾತ್ರ’ ಎಂಬ ಇನ್ನೊಂದು ಜಾತಿಯ ಡೇಟಾ ಇದೆಯಲ್ಲ, ಅದು ‘ಎಸ್‌ಡೇಟಾ’–‘ಇಡೇಟಾ’ ನಡುವೆ ಇಲ್ಲದಿದ್ದರೆ ಮಾತ್ರ ಅದನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳುತ್ತದೆ. ಪರ್ಫ್ ಎಂಬ ಕಾರ್ಯಕ್ಷಮತೆ ಅಳೆಯುವ ಉಪಕರಣ, ಬೂಟಿನಿಂದ ಬೂಟಿಗೆ ಜಾಗ ಬದಲಿಸುವ ಕರ್ನಲ್ ಈಗ ಎಲ್ಲಿ ಕೂತಿದೆ ಎಂದು ತಿಳಿಯಲು ಮೊದಲು ‘ಟೆಕ್ಸ್ಟ್’ ಎಂಬ ಸಿಂಬಲ್ ಹುಡುಕುತ್ತದೆ, ಸಿಗದಿದ್ದರೆ ‘ಎಸ್‌ಟೆಕ್ಸ್ಟ್’. ಎಕ್ಸ್86ನಲ್ಲಿ ಈ ಎರಡೂ ಒಂದೇ ವಿಳಾಸ. ಆರ್ಮ್64ನಲ್ಲಿ ಇವುಗಳ ನಡುವೆ 64 ಕಿಲೋಬೈಟು ಅಂತರವಿದೆ, ಏಕೆಂದರೆ ‘ಟೆಕ್ಸ್ಟ್’ ಇರುವುದು ಬೂಟ್‌ಲೋಡರ್ ಓದುವ ಹೆಡರಿನ ತಲೆಯ ಮೇಲೆ, ‘ಎಸ್‌ಟೆಕ್ಸ್ಟ್’ ಇರುವುದು ಅದರ ನಂತರ ಶುರುವಾಗುವ ಕೋಡಿನ ಮೇಲೆ. ಇವೆರಡನ್ನೂ ಒಂದೇ ಎಂದು ತಿಳಿದು ಎಕ್ಸ್86 ಮೇಲೆ ಬರೆದ ಉಪಕರಣ ಎಕ್ಸ್86 ಮೇಲೆ ಎಂದಿಗೂ ತಪ್ಪುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಹಾಗಾದರೆ ಎಲ್ಲರೂ ಒಂದೇ ನಕ್ಷೆ ಬಳಸಲಿ ಎನ್ನಬಹುದು. ಅದು ಆಗದ ಮಾತು, ಆಗಬೇಕಾದದ್ದೂ ಅಲ್ಲ. ವ್ಯತ್ಯಾಸಗಳಲ್ಲಿ ಹೆಚ್ಚಿನವು ಸೋಮಾರಿತನದಿಂದ ಹುಟ್ಟಿದವಲ್ಲ, ಯಂತ್ರದಿಂದ ಹುಟ್ಟಿದವು. 64 ಬಿಟ್ ಎಕ್ಸ್86 ಕರ್ನಲ್ ಕೋಡನ್ನೂ ಆರ್‌ಒಡೇಟಾವನ್ನೂ 2 ಮೆಗಾಬೈಟಿನ ದೊಡ್ಡ ಪುಟಗಳ ಗಡಿಗೆ ಸರಿಯಾಗಿ ಕೂರಿಸುತ್ತದೆ, ಒಂದಕ್ಕೆ ‘ಓಡಿಸಬಹುದು’, ಇನ್ನೊಂದಕ್ಕೆ ‘ಓಡಿಸಬಾರದು’ ಎಂದು ದೊಡ್ಡ ಪುಟಗಳನ್ನು ಒಡೆಯದೆ ಗುರುತು ಹಾಕಲು. ಹೀಗೆ ಕೂರಿಸಿದಾಗ ನಡುವೆ ಖಾಲಿ ಜಾಗ ಉಳಿಯುತ್ತದೆ, ಪಹಣಿಯಲ್ಲಿ ಖರಾಬು ಎಂದು ತೋರಿಸುವ ಹಾಗೆ. ಎಕ್ಸ್86 ಆ ಖರಾಬನ್ನೂ ಬಿಡದೆ ಮೆಮೊರಿ ಹಂಚುವವನಿಗೆ ವಾಪಸು ಕೊಡುತ್ತದೆ; ಬೂಟ್ ಲಾಗಿನಲ್ಲಿ ಕೋಡು ಮತ್ತು ಆರ್‌ಒಡೇಟಾ ನಡುವಿನ ಅಂತರವನ್ನು ಬಿಟ್ಟುಕೊಟ್ಟೆ ಎಂದು ಬರುವ ಸಾಲು ಇದರದ್ದೇ. ಆರ್ಮ್64 ತನ್ನ ಭಾಗಗಳನ್ನು 64 ಕಿಲೋಬೈಟಿಗೆ ಜೋಡಿಸುತ್ತದೆ, ಇನಿಟ್ ಭಾಗವನ್ನು ಡೇಟಾಗಿಂತ ಮೊದಲೇ ಇಡುತ್ತದೆ. ಎಕ್ಸ್86ನಲ್ಲಿ ಇನಿಟ್ ಬರುವುದು ಡೇಟಾ ಆದ ಮೇಲೆ. ಹಳೆಯ 32 ಬಿಟ್ ಆರ್ಮ್‌ನಲ್ಲಿ ಕೋಡನ್ನು ರ್‍ಯಾಮಿಗೆ ತರದೆ ಫ್ಲ್ಯಾಶಿನಿಂದಲೇ ಓಡಿಸುವ ಬಗೆಯೊಂದಿದೆ. ಅಲ್ಲಿ ಕೋಡು ಒಂದು ಚಿಪ್ಪಿನಲ್ಲಿ, ಡೇಟಾ ಇನ್ನೊಂದರಲ್ಲಿ. ಅದಕ್ಕೆಂದೇ ಬೇರೆ ಲಿಂಕರ್ ಸ್ಕ್ರಿಪ್ಟ್ ಇದೆ. ರಿಸ್ಕ್-ಫೈವ್‌ನಲ್ಲಿ ‘ಗ್ಲೋಬಲ್ ಪಾಯಿಂಟರ್’ ಎಂಬ ಗುರುತನ್ನು 2048 ಬೈಟು ಮುಂದಕ್ಕೆ ನೆಡುತ್ತಾರೆ, ಏಕೆಂದರೆ ಅಲ್ಲಿನ ಸೂಚನೆಯೊಂದು 12 ಬಿಟ್ಟಿನಲ್ಲಿ ಹಿಂದಕ್ಕೆ 2048, ಮುಂದಕ್ಕೆ 2047 ಬೈಟುಗಳಷ್ಟೇ ಕೈಚಾಚಬಲ್ಲದು. ಎಕ್ಸ್86ಗೋ ಆರ್ಮ್64ಗೋ ಆ ಕಲ್ಲಿನ ಅಗತ್ಯವಿಲ್ಲ.

ನಕ್ಷೆ ಬೇರೆ ಇರಲಿ. ‘ಇಟೆಕ್ಸ್ಟ್’ ಎಂದರೆ ಕೋಡಿನ ಕೊನೆ, ಅದಕ್ಕಿಂತ ಒಂದು ಬೈಟೂ ಹೆಚ್ಚಲ್ಲ ಎಂಬ ಮಾತು ಮಾತ್ರ ಎಲ್ಲ ಕಡೆ ಒಂದೇ ಇರಬೇಕು. ಏಕರೂಪ ಎಂದು ನಾನು ಕೇಳುತ್ತಿರುವುದು ಇಷ್ಟನ್ನೇ.

ಈ ಮಾತು ಸಡಿಲವಾದರೆ ನಷ್ಟ ಬರೀ ತಪ್ಪು ಅಂಕಿಯಲ್ಲ. ಬೂಟ್ ಮುಗಿದ ಮೇಲೆ ಕರ್ನಲ್ ‘ಇನಿಟ್ ಬಿಗಿನ್’ನಿಂದ ‘ಇನಿಟ್ ಎಂಡ್’ವರೆಗಿನ ಪುಟಗಳನ್ನು ಬಿಟ್ಟುಕೊಡುತ್ತದೆ. ಯಾವುದೋ ಹೊಸ ಸೆಕ್ಷನ್ನನ್ನು ಆ ಗಡಿಯೊಳಗೆ ಅರಿವಿಲ್ಲದೆ ಸೇರಿಸಿದರೆ, ಇನ್ನೂ ಬಳಕೆಯಲ್ಲಿರುವ ಡೇಟಾ ಬೇರೆಯವರ ಕೈಗೆ ಹೋಗುತ್ತದೆ. ಗಂಟೆಗಳ ನಂತರ, ಸಂಬಂಧವೇ ಇಲ್ಲದ ಜಾಗದಲ್ಲಿ ಯಂತ್ರ ಕುಸಿಯುತ್ತದೆ. 2016ರಲ್ಲಿ 4.8ರೊಡನೆ ಬಂದ ಯೂಸರ್‌ಕಾಪಿ ಕಾವಲು, ಬಳಕೆದಾರರ ಮೆಮೊರಿಗೆ ಪ್ರತಿ ಮಾಡುವಾಗ ಕರ್ನಲ್ಲಿನ ಕೋಡು ಸೋರದಂತೆ ತಡೆಯಲು ‘ಎಸ್‌ಟೆಕ್ಸ್ಟ್’ ಮತ್ತು ‘ಇಟೆಕ್ಸ್ಟ್’ ನೋಡುತ್ತದೆ. ಗಡಿ ಅಗಲವಾದರೆ ನ್ಯಾಯವಾದ ಪ್ರತಿಯನ್ನೂ ತಡೆಯುತ್ತದೆ. ಕಿರಿದಾದರೆ ಒಂದಷ್ಟು ಕೋಡು ಕಾವಲಿನ ಹೊರಗೆ ಉಳಿಯುತ್ತದೆ, ಅದು ಯಾರಿಗೂ ಗೊತ್ತಾಗುವುದಿಲ್ಲ. ಎರಡರಲ್ಲಿ ನನಗೆ ಭಯ ಎರಡನೆಯದರದ್ದು.

2019ರಲ್ಲಿ ಎಸ್390 ಮೇನ್‌ಫ್ರೇಮಿನಲ್ಲಿ ಕಂಡ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದೇ ಡೇಟಾವನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ತಡೆಯುವ ಲಾಕುಗಳ ಕ್ರಮ ಪರೀಕ್ಷಿಸುವ ಲಾಕ್‌ಡೆಪ್, ಒಂದು ವಸ್ತು ಕರ್ನಲ್ಲಿನೊಳಗೇ ಸ್ಥಿರವಾಗಿರುವುದೋ, ಓಡುವಾಗ ಹಂಚಿಕೆಯಾದದ್ದೋ ಎಂದು ತಿಳಿಯಬೇಕು. ‘ಎಸ್‌ಟೆಕ್ಸ್ಟ್’ನಿಂದ ‘ಎಂಡ್’ವರೆಗೆ ಎಲ್ಲಿದ್ದರೂ ಸ್ಥಿರ ಎಂದು ಅದು ತೀರ್ಮಾನಿಸುತ್ತಿತ್ತು. ಆದರೆ ಇನಿಟ್ ಭಾಗವೂ ಆ ಗಡಿಯೊಳಗೇ ಇದೆ. ಬಿಟ್ಟುಕೊಟ್ಟ ಆ ಪುಟಗಳಿಂದಲೇ ಮುಂದೆ ಯಾರಿಗೋ ಮೆಮೊರಿ ಸಿಕ್ಕಿತು, ಅದರಲ್ಲೊಂದು ಹೊಸ ಲಾಕಿನ ಕೀಲಿ ಹುಟ್ಟಿತು. ಲಾಕ್‌ಡೆಪ್ ಅದನ್ನು ಸ್ಥಿರ ಎಂದು ತಿಳಿದು ಎಚ್ಚರಿಕೆ ಕೂಗಿತು. 64 ಬಿಟ್ ಎಕ್ಸ್86ನಲ್ಲಿ ಇದು ಬರುವುದಿಲ್ಲ. ಅಲ್ಲಿಯೂ ಅದೇ ಪುಟಗಳು ಮರಳಿ ಹಂಚಿಕೆಯಾಗುತ್ತವೆ, ಆದರೆ ಹಂಚಿಕೆಯಾಗುವಾಗ ಅವು ಬೇರೊಂದು ವರ್ಚುವಲ್ ವಿಳಾಸದಲ್ಲಿ ಕಾಣಿಸಿಕೊಳ್ಳುತ್ತವೆ, ಹಾಗಾಗಿ ಈ ಗಡಿಗೆ ಸಿಕ್ಕುವುದಿಲ್ಲ. ಒಂದೇ ಕೋಡು, ಒಂದೇ ಸಿಂಬಲ್‌ಗಳು. ಒಂದು ಕಡೆ ಊಹೆ ನಿಜ, ಇನ್ನೊಂದು ಕಡೆ ಸುಳ್ಳು. ಇನಿಟ್ ಮೆಮೊರಿಯನ್ನು ಬಿಟ್ಟುಕೊಟ್ಟಾಗಿದೆಯೇ ಎಂದು ಆರ್ಕಿಟೆಕ್ಚರನ್ನೇ ಕೇಳುವ ಒಂದು ಫಂಕ್ಷನ್ ಸೇರಿಸಿ ಅದನ್ನು ಸರಿಪಡಿಸಿದರು. ಸರಿಪಡಿಸಿದ್ದು ಸರಿಯೇ, ಆದರೂ ಇದು ಅನುಮಾನದ ಪಟ್ಟಿಗೆ ಸೇರಿದ ಇನ್ನೊಂದು ಪ್ರಶ್ನೆ.

ಲಿಂಕರಿನ ಕಡೆಯಿಂದಲೂ ತೊಡಕಿದೆ. ಗುರುತನ್ನು ಸೆಕ್ಷನ್ನಿನ ಆವರಣದ ಒಳಗೆ ನೆಟ್ಟರೆ ಅದು ಆ ಸೆಕ್ಷನ್ನಿಗೆ ಅಂಟಿಕೊಂಡಿರುತ್ತದೆ, ಸೆಕ್ಷನ್ ಸರಿದರೆ ಜೊತೆಗೆ ಸರಿಯುತ್ತದೆ. ಹೊರಗೆ ನೆಟ್ಟರೆ ಲಿಂಕರ್ ಅದನ್ನು ಸರಿಯಬಾರದ ಶುದ್ಧ ಸಂಖ್ಯೆ ಎಂದು ಗುರುತಿಸುವ ಸಂಭವವಿದೆ. ಕರ್ನಲ್ ತನ್ನ ಜಾಗವನ್ನು ತಾನೇ ಬದಲಿಸಿಕೊಳ್ಳುವ ಈ ಕಾಲದಲ್ಲಿ ಸರಿಯದೇ ಉಳಿದ ಕಲ್ಲು ಎಂದರೆ ಅಪಾಯ. ಇದಕ್ಕಾಗಿ ಎಕ್ಸ್86ನಲ್ಲಿ ಸರಿಯುವ ವಿಳಾಸಗಳನ್ನು ಗುರುತಿಸುವ ರಿಲೊಕೇಶನ್ ಉಪಕರಣದೊಳಗೆ ಒಂದು ಪಟ್ಟಿ ಇದೆ: ಲಿಂಕರ್ ಏನೇ ಹೇಳಲಿ, ಈ ಹೆಸರಿನ ಸಿಂಬಲ್‌ಗಳು ಸರಿಯುವಂಥವು ಎಂದು. ಇನಿಟ್‌ನ ಗಡಿಗಳು, ಆರ್‌ಒಡೇಟಾದ ಗಡಿ, ‘ಎಂಡ್’, ಎಲ್ಲ ಅದರಲ್ಲಿವೆ. ಹೊಸ ಗುರುತನ್ನು ಆವರಣದ ಹೊರಗೆ ನೆಟ್ಟವರು ಆ ಪಟ್ಟಿಯನ್ನೂ ನೆನಪಿಟ್ಟುಕೊಂಡು ತಿದ್ದಬೇಕು. ಗುರುತುಗಳನ್ನು ಆವರಣದೊಳಗೆ ತಂದರೆ ಪಟ್ಟಿ ಚಿಕ್ಕದಾಗುತ್ತದೆ. ಬೇಸರದ ಕೆಲಸ, ಆದರೆ ಪ್ರತಿ ಸಾಲಿಗೂ ಬೆಲೆಯಿದೆ.

ಇನ್ನೊಂದು, ಅನಾಥ ಸೆಕ್ಷನ್‌ಗಳು. ಸ್ಕ್ರಿಪ್ಟಿನಲ್ಲಿ ಜಾಗ ಹೇಳದ ಸೆಕ್ಷನ್ ಬಂದರೆ ಲಿಂಕರ್ ತನಗೆ ತೋಚಿದಲ್ಲಿ ಇಡುತ್ತದೆ. ಗ್ನೂ ಲಿಂಕರಿಗೆ ತೋಚುವುದು ಒಂದು, ಎಲ್‌ಎಲ್‌ವಿಎಮ್‌ನ ಲಿಂಕರಿಗೆ ತೋಚುವುದು ಇನ್ನೊಂದು. ಗಡಿಯೊಳಗೆ ಏನಿದೆ ಎಂಬುದು ಆಗ ಯಂತ್ರವನ್ನಷ್ಟೇ ಅಲ್ಲ, ಯಾವ ಲಿಂಕರ್ ಬಳಸಿದಿರಿ ಎಂಬುದನ್ನೂ ಅವಲಂಬಿಸುತ್ತದೆ.

ಕೆಲಸ ನಡೆದೇ ಇಲ್ಲ ಎಂದರೆ ಅನ್ಯಾಯವಾಗುತ್ತದೆ. 2009ರ ಸುಮಾರಿಗೆ ಟಿಮ್ ಅಬಾಟ್, ಸ್ಯಾಮ್ ರಾವ್ನ್‌ಬೋರ್ಗ್ ಮುಂತಾದವರು ಆರ್ಕಿಟೆಕ್ಚರುಗಳ ಸ್ಕ್ರಿಪ್ಟುಗಳಲ್ಲಿ ನಕಲಾಗಿ ಹರಡಿದ್ದ ಸಾಲುಗಳನ್ನು ಒಂದೇ ಫೈಲಿನ ಸಾಮಾನ್ಯ ಮ್ಯಾಕ್ರೋಗಳಾಗಿ ಮಾಡಿದರು. ಇಂದು ಹೊಸ ಆರ್ಕಿಟೆಕ್ಚರ್ ತರುವವರು ಮೊದಲು ಓದುವುದು ಆ ಫೈಲಿನ ತಲೆಯಲ್ಲಿರುವ ಮಾದರಿಯನ್ನೇ. ಸೆಕ್ಷನ್ ಹೆಸರುಗಳಲ್ಲಿ ಎರಡು ಚುಕ್ಕಿ ಬಂದದ್ದರ ಹಿಂದೆಯೂ ಇಂಥದೇ ಎಚ್ಚರವಿದೆ. ಪ್ರತಿ ವೇರಿಯಬಲ್‌ಗೂ ಪ್ರತ್ಯೇಕ ಸೆಕ್ಷನ್ ಮಾಡು ಎಂದು ಕಂಪೈಲರಿಗೆ ಹೇಳಿದರೆ ಅದು ‘ಡೇಟಾ’ ನಂತರ ಒಂದು ಚುಕ್ಕಿ ಇಟ್ಟು ವೇರಿಯಬಲ್ ಹೆಸರು ಸೇರಿಸುತ್ತದೆ. ಕರ್ನಲ್ಲಿನ ವಿಶೇಷ ಸೆಕ್ಷನ್ನಿಗೂ ಒಂದೇ ಚುಕ್ಕಿಯಿದ್ದರೆ ಎರಡೂ ಬೆರೆತುಹೋಗುತ್ತವೆ. ಸಿ ಭಾಷೆಯಲ್ಲಿ ವೇರಿಯಬಲ್ ಹೆಸರು ಚುಕ್ಕಿಯಿಂದ ಶುರುವಾಗಲಾರದು, ಹಾಗಾಗಿ ಎರಡು ಚುಕ್ಕಿ ಇಟ್ಟರೆ ಜಗಳವಿಲ್ಲ. ಒಂದು ಚುಕ್ಕಿಯ ಉಪಾಯ, ಆದರೆ ನನಗೆ ತುಂಬ ಇಷ್ಟವಾದದ್ದು.

2020ರ ಜನವರಿಯ 5.5ರಲ್ಲಿ ಕರ್ನಲ್ ಡೆವಲಪರ್ ಕೀಸ್ ಕುಕ್ ಅವರ ಪ್ಯಾಚುಗಳ (ತಿದ್ದುಪಡಿಗಳ) ಸರಣಿ ಸೇರಿತು. ಒಂದೇ ಕೆಲಸಕ್ಕಿದ್ದ ಬೇರೆ ಬೇರೆ ಆರ್‌ಒಡೇಟಾ ಮ್ಯಾಕ್ರೋಗಳು ಹೋಗಿ ಒಂದೇ ಉಳಿಯಿತು. ಅದೇ ವರ್ಷದ ಕೊನೆಯ 5.10ರಲ್ಲಿ ಅನಾಥ ಸೆಕ್ಷನ್ ಕಂಡರೆ ಎಚ್ಚರಿಸು ಎಂದು ಲಿಂಕರಿಗೆ ಹೇಳುವ ಆಯ್ಕೆ ಬಂತು, ಅದನ್ನು ಒಪ್ಪಿಕೊಂಡ ಆರ್ಕಿಟೆಕ್ಚರುಗಳಿಗೆ ಮಾತ್ರ. ಸೆಕ್ಷನ್ನಿನ ಎರಡೂ ತುದಿಗೆ ಒಟ್ಟಿಗೇ ಗುರುತು ನೆಡುವ ಮ್ಯಾಕ್ರೋ ಕೂಡ ಈಗ ಇದೆ, ಹೆಸರಿನ ಮುಂದೆ ಪದ ಬೇಕಾದವರಿಗೆ ಒಂದು ರೂಪ, ಹಿಂದೆ ಬೇಕಾದವರಿಗೆ ಇನ್ನೊಂದು. ಹಳೆಯ ಹೆಸರುಗಳನ್ನು ಮುಟ್ಟದೆ ಅವು ಹುಟ್ಟುವ ಬಗೆಯನ್ನು ಒಂದು ಮಾಡಿದ್ದು ಜಾಣತನ.

ಹಳೆಯ ಹೆಸರುಗಳನ್ನು ಮುಟ್ಟಬಾರದು ಎಂಬುದನ್ನು ಒತ್ತಿ ಹೇಳುತ್ತೇನೆ. ಎಲ್ಲವನ್ನೂ ಒಂದೇ ಮಾದರಿಗೆ ಮರುನಾಮಕರಣ ಮಾಡೋಣ ಎಂಬ ಉತ್ಸಾಹ ಹೊಸಬರಲ್ಲಿ ಆಗಾಗ ಏಳುತ್ತದೆ, ನನ್ನಲ್ಲೂ ಎದ್ದಿತ್ತು. ಡಂಪ್ ಓದುವ ಉಪಕರಣಗಳಿಗಾಗಿ ಕರ್ನಲ್ ತಾನೇ ‘ಎಸ್‌ಟೆಕ್ಸ್ಟ್’ನ ವಿಳಾಸವನ್ನು ಡಂಪಿನೊಳಗೆ ಬರೆದಿಡುತ್ತದೆ. ಪರ್ಫ್ ಎರಡು ಹೆಸರುಗಳನ್ನು ಗಟ್ಟಿಯಾಗಿ ಬರೆದುಕೊಂಡಿದೆ. ಕಂಪನಿಗಳೊಳಗೆ ಯಾರಿಗೂ ಕಾಣದ ಸಾವಿರ ಸ್ಕ್ರಿಪ್ಟುಗಳಿವೆ. ಹೆಸರು ಬದಲಿಸಿದ ದಿನ ಅವೆಲ್ಲ ಮುರಿಯುತ್ತವೆ, ಅರ್ಥ ಮಾತ್ರ ಮೊದಲಿನಷ್ಟೇ ಸಡಿಲವಾಗಿರುತ್ತದೆ.

ಮಾಡಬೇಕಾದದ್ದು ಬೇರೆ. ಹೆಡರಿನ ಟಿಪ್ಪಣಿಯಲ್ಲಿರುವ ಒಂದೊಂದು ‘ಇರಬಹುದು’ವನ್ನೂ ಹಿಡಿದು, ಯಾವ ಆರ್ಕಿಟೆಕ್ಚರಿಗಾಗಿ ಅದು ಬಂತು ಎಂದು ಹುಡುಕಬೇಕು. ಆ ಆರ್ಕಿಟೆಕ್ಚರಿನ ಸ್ಕ್ರಿಪ್ಟನ್ನು ತಿದ್ದಲು ಬಂದರೆ ತಿದ್ದಿ, ‘ಇರಬಹುದು’ವನ್ನು ‘ಇರುವುದಿಲ್ಲ’ ಎಂದು ಬದಲಿಸಬೇಕು. ಬದಲಿಸಿದ್ದನ್ನು ಟಿಪ್ಪಣಿಯಲ್ಲಿ ಬಿಟ್ಟು ಸುಮ್ಮನಾಗದೆ ಲಿಂಕರಿನಿಂದಲೇ ಕಾಯಿಸಬೇಕು. ಲಿಂಕರ್ ಸ್ಕ್ರಿಪ್ಟಿನಲ್ಲಿ ‘ಅಸರ್ಟ್’ ಇದೆ. ಷರತ್ತು ಸುಳ್ಳಾದರೆ ಕರ್ನಲ್ ಹುಟ್ಟುವುದೇ ಇಲ್ಲ. ಆರ್ಮ್64 ಇದನ್ನು ಆಗಲೇ ಬಳಸುತ್ತದೆ, ‘ಟೆಕ್ಸ್ಟ್’ ಇರಬೇಕಾದ ವಿಳಾಸದಲ್ಲಿ ಇಲ್ಲದಿದ್ದರೆ ಬಿಲ್ಡ್ ನಿಲ್ಲುತ್ತದೆ. ಎಕ್ಸ್86 ಕರ್ನಲ್ಲಿನ ಒಟ್ಟು ಗಾತ್ರವನ್ನು ಹೀಗೇ ಕಾಯುತ್ತದೆ. ಆರ್‌ಒಡೇಟಾದ ಶುರು ‘ಇಟೆಕ್ಸ್ಟ್’ಗಿಂತ ಹಿಂದೆ ಬರಕೂಡದು, ಇನಿಟ್ ಕೋಡು ಇನಿಟ್ ಗಡಿಯ ಹೊರಗೆ ಹೋಗಕೂಡದು ಎಂಬ ಷರತ್ತುಗಳೂ ಸಾಮಾನ್ಯ ಮ್ಯಾಕ್ರೋದೊಳಗೆ ಬರಲಿ. ಒಪ್ಪಲಾಗದ ಆರ್ಕಿಟೆಕ್ಚರ್ ‘ನನಗೆ ವಿನಾಯಿತಿ’ ಎಂದು ತನ್ನ ಸ್ಕ್ರಿಪ್ಟಿನಲ್ಲೇ ಬರೆಯಲಿ. ಆಗ ವಿನಾಯಿತಿ ಪಡೆದವರು ಯಾರೆಂದು ಒಂದು ಹುಡುಕಾಟದಲ್ಲಿ ತಿಳಿಯುತ್ತದೆ, ಇಂದು ಅದು ಇಪ್ಪತ್ತೊಂದು ಸ್ಕ್ರಿಪ್ಟು ಓದಿದರೆ ತಿಳಿಯುವ ವಿಷಯ.

ಎದುರು ವಾದವೂ ಇದೆ, ಹಗುರವಾದದ್ದಲ್ಲ. ಬಳಕೆ ಕಡಿಮೆಯಾದ ಆರ್ಕಿಟೆಕ್ಚರುಗಳಲ್ಲಿ ಬದಲಾವಣೆ ಪರೀಕ್ಷಿಸುವ ಕೈಗಳು ಕಡಿಮೆ. ಲಿಂಕರ್ ಸ್ಕ್ರಿಪ್ಟಿನ ತಪ್ಪು ಬಿಲ್ಡಿನಲ್ಲಿ ಕಾಣದೆ ಬೂಟಿನಲ್ಲಿ ಕಾಣುತ್ತದೆ, ಅದೂ ಪರದೆಯ ಮೇಲೆ ಒಂದಕ್ಷರವೂ ಮೂಡುವ ಮೊದಲೇ. ಅದಕ್ಕೇ ಒಂದು ಬಾರಿಗೆ ಒಂದು ಗುರುತು, ಒಂದು ಆರ್ಕಿಟೆಕ್ಚರ್. ಎಲ್ಲವನ್ನೂ ಒಂದೇ ಪ್ಯಾಚಿನಲ್ಲಿ ತಿದ್ದುವ ಆಸೆ ಬೇಡ.

ಇದನ್ನು ಬೆಂಗಳೂರಿನಲ್ಲಿ ಕೂತು ಬರೆಯಲು ಕಾರಣವಿದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಾಗಿನಿಂದ ಚಿಪ್ಪಿನ ಕೆಲಸ ಈ ಊರಿನದ್ದಾಗಿದೆ. ಒಂದೇ ಮಹಡಿಯಲ್ಲಿ ಒಬ್ಬರು ಎಕ್ಸ್86 ಸರ್ವರಿನ ಕರ್ನಲ್ ನೋಡುತ್ತಿದ್ದರೆ, ಪಕ್ಕದವರು ಫೋನಿನ ಆರ್ಮ್64, ಆಚೆಯವರು ರಿಸ್ಕ್-ಫೈವ್ ಬೋರ್ಡು ಎಬ್ಬಿಸುತ್ತಿರುತ್ತಾರೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಡಿಜಿಟಲ್ ಇಂಡಿಯಾ ರಿಸ್ಕ್-ಫೈವ್ ಕಾರ್ಯಕ್ರಮ ಘೋಷಿಸಿದ ಮೇಲೆ ಆ ಕಡೆ ಒಲವು ತೋರುವ ಹುಡುಗ ಹುಡುಗಿಯರು ಹೆಚ್ಚಿದ್ದಾರೆ. ಅವರು ಒಂದು ಆರ್ಕಿಟೆಕ್ಚರಿನಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಒಯ್ಯುತ್ತಾರೆ. ನಮ್ಮ ಸ್ಕ್ರಿಪ್ಟಿಗೆ ಆದದ್ದೇ ಅವರಿಗೂ ಆಗುತ್ತದೆ.

ಹಾಸನದಿಂದ ಬಂದು ಸೇರಿದ ಹುಡುಗಿಯೊಬ್ಬಳಿಗೆ ಈ ‘ಕರ್ನಲ್ ಕೋಡ್’ ಸಾಲಿನ ಕತೆ ಹೇಳಿದೆ. ಎರಡು ಬೋರ್ಡುಗಳ ‘ಐಒಮೆಮ್’ ಪಕ್ಕಪಕ್ಕ ತೆರೆದು ನೋಡಿದಳು. ರೂಟ್ ಆಗಿ ತೆರೆಯಬೇಕು, ಇಲ್ಲದಿದ್ದರೆ ಬರೀ ಸೊನ್ನೆ ಕಾಣುತ್ತವೆ. ಎಕ್ಸ್86ನಲ್ಲಿ ಕೋಡ್, ಆರ್‌ಒಡೇಟಾ, ಡೇಟಾ, ಬಿಎಸ್‌ಎಸ್ ಎಂದು ನಾಲ್ಕು ಸಾಲು. ಆರ್ಮ್64ನಲ್ಲಿ ಕೋಡ್, ಡೇಟಾ ಎಂದು ಎರಡೇ.

“ಸರ್, ಇಲ್ಲಿ ಆರ್‌ಒಡೇಟಾ ಸಾಲು ಇಲ್ಲ ಅಂದ್ರೆ ಅದು ಎಲ್ಲೋ ಒಳಗಡೆ ಸೇರ್ಕೊಂಡಿದೆ ಅಂತ ಆಗ್ಲೇ ಗೊತ್ತಾಗ್ಬೇಕಿತ್ತಲ್ವಾ?” ಎಂದಳು.

ಹೌದು, ಗೊತ್ತಾಗಬೇಕಿತ್ತು. ಮೂರು ದಿನದಲ್ಲಿ ನಾನು ಒಮ್ಮೆಯೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಅವಳ ಮುಂದಿನ ಪ್ರಶ್ನೆಗೆ ಮಾತ್ರ ನೇರ ಉತ್ತರ ಕೊಡಲಾಗಲಿಲ್ಲ. 2016ರಲ್ಲಿ 4.6ರೊಡನೆ ಬಂದ ‘ಇನಿಟ್ ಆದ ಮೇಲೆ ಓದಲು-ಮಾತ್ರ’ ಡೇಟಾ ಯಾವ ಗಡಿಯೊಳಗೆ ಬರಬೇಕು? ಬೂಟ್ ಮುಗಿಯುವವರೆಗೆ ಅದರ ಮೇಲೆ ಬರೆಯಬೇಕು, ಆದ್ದರಿಂದ ಡೇಟಾ. ಆಮೇಲೆ ಬರೆಯಲೇಬಾರದು, ಆದ್ದರಿಂದ ಆರ್‌ಒಡೇಟಾ. ಸಾಮಾನ್ಯ ಮ್ಯಾಕ್ರೋ ಅದನ್ನು ಆರ್‌ಒಡೇಟಾದೊಳಗೆ ಇಡುತ್ತದೆ. ಎಸ್390 ಅದನ್ನು ಅಲ್ಲಿಂದ ತೆಗೆದು ತನ್ನದೇ ಜಾಗದಲ್ಲಿ ಇಟ್ಟುಕೊಂಡಿದೆ. ಕೆಮೆಮ್‌ಲೀಕ್ ಎರಡನ್ನೂ ಊಹಿಸಿಕೊಂಡು ಕೇಳುತ್ತದೆ. ಅದು ಆರ್‌ಒಡೇಟಾದ ಗಡಿಯೊಳಗೇ ಇರಲಿ, ಅದಕ್ಕೆ ಅದರದೇ ಎರಡು ಒಳಗಲ್ಲುಗಳೂ ಇರಲಿ, ಎಲ್ಲ ಆರ್ಕಿಟೆಕ್ಚರುಗಳೂ ಇದನ್ನೇ ಪಾಲಿಸಲಿ ಎಂಬುದು ನನ್ನ ಅಭಿಪ್ರಾಯ. ಎಸ್390 ಸ್ಕ್ರಿಪ್ಟಿನಲ್ಲಿ ಆ ಸಾಲುಗಳು ಯಾಕೆ ಹಾಗಿವೆ ಎಂದು ಅವಳು ಗಿಟ್ ಇತಿಹಾಸ ತೆರೆದು ಓದಲು ಕೂತಿದ್ದಾಳೆ.